ಪಿಎಸ್5 ಎಸ್‌ಎಸ್‌ಡಿಯನ್ನು ಬಿಡಿಯಾಗಿ ಮಾರಬೇಡಿ, ಸೆಟ್ ಮಾಡಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯ ಅಂಗಡಿಯವರ ಗಮನಕ್ಕೆ: ಸೋನಿಯ ಗೇಮ್ ಕನ್ಸೋಲ್ ಪಿಎಸ್5ಗೆ ಎಸ್‌ಎಸ್‌ಡಿ (ಆಟಗಳನ್ನು ತುಂಬಿಡುವ ವೇಗದ ಡ್ರೈವ್), ಹೀಟ್‌ಸಿಂಕ್ (ಅದರ ಬಿಸಿ ಇಳಿಸುವ ಲೋಹದ ಪಟ್ಟಿ), ಜೋಡಣೆ ಮೂರನ್ನೂ ಸೇರಿಸಿ ಒಂದೇ ದರ ಹೇಳಿ. ಗಿರಾಕಿ ಎಸ್‌ಎಸ್‌ಡಿಯ ರೇಟನ್ನು ಅಲ್ಲೇ ಮೊಬೈಲಿನಲ್ಲಿ ನೋಡುತ್ತಾನೆ, ಅದರಲ್ಲಿ ಲಾಭ ಹುಡುಕಿದರೆ ವ್ಯಾಪಾರವೇ ಹೋಗುತ್ತದೆ. ಹೀಟ್‌ಸಿಂಕ್ ಮತ್ತು ಕೈಕೆಲಸದ ದರವನ್ನು ಯಾರೂ ಹೋಲಿಸುವುದಿಲ್ಲ. ಲೆಕ್ಕಕ್ಕೆ, 8000ಕ್ಕೆ ಬಂದ ಎಸ್‌ಎಸ್‌ಡಿಗೆ 200 ಮಾತ್ರ ಲಾಭ ಇಟ್ಟು, 300ರ ಹೀಟ್‌ಸಿಂಕನ್ನು 500ಕ್ಕೆ, ಜೋಡಣೆಗೆ 400 ಹಿಡಿದು 9100 ಎನ್ನಿ. ಬಿಲ್ಲಿನಲ್ಲಿ ಜೋಡಣೆಯನ್ನು ಬೇರೆ ಸಾಲಿನಲ್ಲೇ ಬರೆಯಿರಿ, ಸಾಮಾನಿನ ದರ ಪೆಟ್ಟಿಗೆಯ ಎಂಆರ್‌ಪಿ ದಾಟಬಾರದು. ಸ್ಟಾಕ್ ತರುವಾಗ ಎಸ್‌ಎಸ್‌ಡಿಯ ಮೇಲೆ ಎಂ.2 ಎನ್‌ವಿಎಂಇ ಜೆನ್4 ಎಂಬ ಬಗೆಯ ಹೆಸರು, ಓದುವ ವೇಗ ಸೆಕೆಂಡಿಗೆ 5500 ಎಂಬಿ ಅಥವಾ ಹೆಚ್ಚು ಇರುವುದನ್ನೇ ತನ್ನಿ. ಹೀಟ್‌ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿ.ಮೀ. ಮೀರಿದರೆ ಒಳಗೆ ಕೂರುವುದಿಲ್ಲ. ಕಂಪ್ಯೂಟರಿಗೆಂದು ಬರುವ ಎತ್ತರದ ಹೀಟ್‌ಸಿಂಕ್‌ಗಳು ವಾಪಸ್ ಬರುವುದು ಇದರಿಂದಲೇ. ಜೋಡಿಸಿದ ಮೇಲೆ ಆನ್ ಮಾಡಿ, ಫಾರ್ಮ್ಯಾಟ್ ಮುಗಿಸಿ, ವೇಗದ ಅಂಕಿಯನ್ನು ಗಿರಾಕಿಗೆ ತೋರಿಸಿಯೇ ಕೊಡಿ. ಗಲ್ಫ್‌ನಿಂದ ತಂದ ಕನ್ಸೋಲ್‌ಗೂ ಇದೇ ಸಾಮಾನು ಆಗುತ್ತದೆ.

ಪಿಎಸ್4 ಆಟಗಳನ್ನಷ್ಟೇ ಆಡುವವರಿಗೆ ಈ ಸೆಟ್ ಬೇಡ, ಯುಎಸ್‌ಬಿ ಹಾರ್ಡ್‌ಡಿಸ್ಕ್ ಸಾಕು ಎಂದು ನೇರವಾಗಿ ಹೇಳಿ. ಅದರಲ್ಲಿ ಪಿಎಸ್5 ಆಟಗಳನ್ನು ಇಡಬಹುದು, ಆಡಲಾಗುವುದಿಲ್ಲ ಎಂಬುದನ್ನೂ ಹೇಳಿ. ನಿಂಟೆಂಡೊ ಕಂಪನಿಯ ಕನ್ಸೋಲ್ ಸ್ವಿಚ್ 2 ತಂದವರಿಗೆ ಹಳೆಯ ಸಾಧಾರಣ ಮೆಮೊರಿ ಕಾರ್ಡ್ ಸೇರಿಸಿ ಕೊಡಲೇಬೇಡಿ, ಆಟ ಹಾಕಲು ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ವೇಗದ ಕಾರ್ಡೇ ಬೇಕು.