ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಕಾಯುವಾಗ ಮನಸ್ಸನ್ನೂ ಊಟವನ್ನೂ ನೋಡಿಕೊಳ್ಳುವ ಬಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹೆಸರು ಬರೆಸಿ ಬಂದ ಮೇಲೆ, ಕಾಯುವ ತಿಂಗಳುಗಳಲ್ಲಿ ಮೊದಲು ಒಂದು ನೋಟುಪುಸ್ತಕ ಇಟ್ಟುಕೊಳ್ಳಬೇಕು. ಏನು ತಿಂದಿರಿ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ತಿಂದಿರಿ ಎಂಬುದನ್ನೂ ಬರೆಯಿರಿ. ‘ರಾತ್ರಿ 11 ಗಂಟೆ, ಎಲ್ಲರೂ ಮಲಗಿದ್ದರು, ನಿಂತೇ ಉಳಿದ ಅನ್ನ, ಬಂಗಡೆ ಸಾರು, ಆಮೇಲೆ ಡಬ್ಬಿಯ ಚಕ್ಕುಲಿ ಪೂರ್ತಿ, ಹಸಿವಿರಲಿಲ್ಲ, ಅಳು ಬಂತು’ ಎಂಬ ಟಿಪ್ಪಣಿ ವೈದ್ಯರಿಗೆ ತೂಕದ ಅಂಕಿಗಿಂತ ಹೆಚ್ಚು ತಿಳಿಸುತ್ತದೆ.

ಹೀಗೆ ಹಿಡಿತ ತಪ್ಪಿ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದಿದ್ದರೆ ಅದು ನಾಲಿಗೆಯ ಚಪಲವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ತನ್ನ ಮಾನಸಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹೇಳಿದರೆ ಶಸ್ತ್ರಚಿಕಿತ್ಸೆ ತಪ್ಪೀತೆಂಬ ಹೆದರಿಕೆ ಸಹಜವಾದರೂ ದಯವಿಟ್ಟು ಮುಚ್ಚಿಡಬೇಡಿ, ಏಕೆಂದರೆ ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ಚಿಕ್ಕದು ಮಾಡಿದರೂ ದುಃಖಕ್ಕೆ ತಿನ್ನುವ ಅಭ್ಯಾಸ ತಾನಾಗಿ ಹೋಗುವುದಿಲ್ಲ; ಅದಕ್ಕೆ ಆಪ್ತಸಮಾಲೋಚನೆಯ ರೂಪದ ಚಿಕಿತ್ಸೆ ಇದೆ.

ಬೆಳಗಿನ ಗಂಜಿ ಬಿಟ್ಟು ಉಪವಾಸ ಮಾಡಬೇಡಿ. ಹಗಲು ಹಸಿದವರೇ ರಾತ್ರಿ ಸೋಲುವುದು. ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ, ಏಕೆಂದರೆ ಕೆಲವು ಶಸ್ತ್ರಚಿಕಿತ್ಸೆಗಳ ನಂತರ ಔಷಧ ಮೈಗೆ ಹತ್ತುವ ಪ್ರಮಾಣ ಬದಲಾಗುತ್ತದೆ. ಮದುವೆಮನೆಯಲ್ಲಿ ‘ಇನ್ನೂ ಇಳಿದಿಲ್ಲವೇ’ ಎನ್ನುವವರಿಗೆ ಉತ್ತರ ಕೊಡಬೇಕಾಗಿಲ್ಲ.

ಬೇಕೆಂದೇ ವಾಂತಿ ಮಾಡುತ್ತಿದ್ದರೆ ಅಥವಾ ಬದುಕು ಬೇಡವೆನಿಸಿದರೆ ಅಂದೇ ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲುರಾತ್ರಿ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು.