ಬ್ರೆಜಿಲ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಊಟದ ಲೆಕ್ಕಾಚಾರ

ಸಾವೊ ಪೌಲೊಗೆ ಕೆಲಸಕ್ಕೋ ಓದಿಗೋ ಬಂದವರು ಮೊದಲು ತಿಳಿಯಬೇಕಾದ್ದು ಇಷ್ಟು: ಇಲ್ಲಿನ ದಿನನಿತ್ಯದ ಊಟ ಅನ್ನ ಮತ್ತು ಬೇಯಿಸಿದ ಕಾಳು. ಮಧ್ಯಾಹ್ನದ ಊಟವೇ ದೊಡ್ಡದು, ಹನ್ನೆರಡರಿಂದ ಎರಡರೊಳಗೆ ಮುಗಿಯುತ್ತದೆ. ತಡವಾಗಿ ಹೋದರೆ ಪಾತ್ರೆಯ ತಳ ಕೆರೆಯಬೇಕು. ಅನ್ನ, ಕಾಳು ಕಂಡ ಕೂಡಲೇ ನಮ್ಮ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಬಡಿಸಿಕೊಳ್ಳುತ್ತಾರೆ. ಎಡವುವುದು ಅಲ್ಲೇ.

ಈ ಕಾಳಿಗೆ ಫೇಜಾಂವ್ ಎನ್ನುತ್ತಾರೆ. ಸಾವೊ ಪೌಲೊದಲ್ಲಿ ತಿಳಿಗಂದು ಬಣ್ಣದ ‘ಕರಿಯೋಕಾ’, ರಿಯೊದಲ್ಲಿ ಕಪ್ಪು ಕಾಳು. ಬೆಳ್ಳುಳ್ಳಿ, ಈರುಳ್ಳಿ ಬಾಡಿಸುವಾಗಲೇ ಬೇಕನ್ ಚೂರು ಅಥವಾ ಹಂದಿಯ ಸಾಸೇಜ್ ಬೀಳುವುದು ಸಾಮಾನ್ಯ. ಮಿನಾಸ್ (ಮಿನಾಸ್ ಜೆರೈಸ್ ರಾಜ್ಯ) ಕಡೆಯ ಅಡುಗೆಯಲ್ಲಿ ಎಣ್ಣೆಯ ಬದಲು ‘ಬಾನ್ಯ’, ಅಂದರೆ ಹಂದಿಕೊಬ್ಬು ಇರಬಹುದು. ಕೆಲವು ಕಡೆ ಅನ್ನಕ್ಕೂ ಕೋಳಿಸಾರಿನ ಬಿಲ್ಲೆ ಹಾಕಿರುತ್ತಾರೆ. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ ಫರೋಫಾ ನೋಡಲು ನಿರಪಾಯ, ಆದರೆ ಅದರಲ್ಲೂ ಬೇಕನ್ ಅಡಗಿರಬಹುದು. ‘ಸೇಂ ಕಾರ್ನಿ’ (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ದನದ ಮಾಂಸ ಬೇಡ ಎಂದು ತಿಳಿದು ಕೋಳಿಯನ್ನೋ ಹ್ಯಾಮನ್ನೋ ತಂದಿಡುತ್ತಾರೆ. ಆದ್ದರಿಂದ ಒಂದೊಂದನ್ನೂ ಹೆಸರಿಸಿ ಕೇಳಿ: ಫ್ರಾಂಗೊ (ಕೋಳಿ), ಪೇಶಿ (ಮೀನು), ಪ್ರೆಝುಂತೊ (ಹ್ಯಾಮ್), ಬೇಕನ್. ಕೇಳಿದರೆ ಯಾರೂ ಬೇಸರಪಡುವುದಿಲ್ಲ, ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ಇದಕ್ಕೆ ಒಳ್ಳೆಯ ದಾರಿ ‘ಪೋರ್ ಕಿಲೊ’ ಹೋಟೆಲು. ಸಾಲಾಗಿ ಇಟ್ಟ ಪಾತ್ರೆಗಳಿಂದ ಬೇಕಾದ್ದನ್ನು ನೀವೇ ಬಡಿಸಿಕೊಂಡು ತೂಕ ಹಾಕಿಸಬೇಕು, ತಟ್ಟೆಯ ತೂಕ ಕಳೆದು ಚೀಟಿ ಕೊಡುತ್ತಾರೆ. ಅನ್ನವೂ ಬಾದಾಮಿಯೂ ಒಂದೇ ದರ, ಹಾಗಾಗಿ ಅನ್ನ ಮಿತವಾಗಿರಲಿ. ತರಕಾರಿ, ಪಲ್ಯದಂತೆ ಬಾಡಿಸಿದ ಕೋವಿ ಸೊಪ್ಪು, ಬೇಯಿಸಿದ ಮರಗೆಣಸು ತುಂಬಿಕೊಳ್ಳಿ. ಬಡಿಸುವ ಸೌಟು ಪಾತ್ರೆಯಿಂದ ಪಾತ್ರೆಗೆ ಹೋಗುತ್ತಿರುತ್ತದೆ. ಕಟ್ಟುನಿಟ್ಟಿನವರು ಅಂಗಡಿ ತೆರೆದ ಹೊತ್ತಿಗೇ ಹೋಗುವುದು ಮೇಲು. ತಿನ್ನುವುದು ಮುಳ್ಳುಚಮಚ, ಚಾಕುವಿನಲ್ಲಿ. ಪಿಜ್ಜಾ ಕೂಡ ಹಾಗೆಯೇ.

ಸಾವೊ ಪೌಲೊದಲ್ಲಿ ಬುಧವಾರ, ಶನಿವಾರ ಫೆಜುವಾಡಾ ದಿನ. ಕಪ್ಪು ಕಾಳಿನೊಂದಿಗೆ ಹಂದಿಯ ಕಿವಿ, ಕಾಲು, ಬಾಲ, ಸಾಸೇಜ್ ಗಂಟೆಗಟ್ಟಲೆ ಬೆಂದಿರುತ್ತವೆ. ಜೊತೆಗೆ ಅನ್ನ, ಕೋವಿ, ಫರೋಫಾ, ಕಿತ್ತಳೆ ಹೋಳು. ಹಂದಿ ತಿನ್ನುವವರಾದರೂ ದನದ ಮಾಂಸ ಬಿಟ್ಟವರು ಎಚ್ಚರವಾಗಿರಬೇಕು: ಅದರಲ್ಲಿ ಬೀಳುವ ‘ಕಾರ್ನಿ ಸೇಕಾ’ ಉಪ್ಪು ಹಚ್ಚಿ ಒಣಗಿಸಿದ ದನದ ಮಾಂಸ.

ಈಶಾನ್ಯದ ಬಾಯಿಯಾ ರಾಜ್ಯದ ಕಡೆ ಹೋದರೆ ಅಕರಜೆ ಬಿಡಬೇಡಿ. ಸಿಪ್ಪೆ ತೆಗೆದ ಅಲಸಂದೆ ರುಬ್ಬಿ, ಈರುಳ್ಳಿ, ಉಪ್ಪು ಸೇರಿಸಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿದ ವಡೆ ಅದು. ಅದನ್ನು ಮಾರುವ ಬಾಯಿಯಾದ ಹೆಂಗಸರ ಕಸುಬು 2005ರಿಂದ ಬ್ರೆಜಿಲ್‌ನ ಅಧಿಕೃತ ಸಾಂಸ್ಕೃತಿಕ ಪರಂಪರೆ. ‘ಕೆಂಚಿ’ (ಬಿಸಿ) ಬೇಕೆ ಎಂದು ಕೇಳಿದರೆ ಅದು ಖಾರದ ಪ್ರಶ್ನೆ. ಒಳಗೆ ತುಂಬುವ ವಟಪಾ, ಕರುರು ಎರಡರಲ್ಲೂ ಒಣ ಸಿಗಡಿ ಬೆರೆತಿರುತ್ತದೆ, ಮೇಲಿನ ಸಿಗಡಿ ತೆಗೆಸಿದರೆ ಸಾಲದು. ಬರೀ ವಡೆ ಕೇಳಿ, ಹಿಟ್ಟಿಗೆ ಸಿಗಡಿ ಹಾಕಿಲ್ಲವೆಂದೂ ಖಚಿತ ಮಾಡಿಕೊಳ್ಳಿ.

ಬೆಳಗಿನ ತಿಂಡಿಗೆ ಎಲ್ಲರೂ ತೋರಿಸುವುದು ಪಾಂವ್ ಜಿ ಕೇಜು, ಅಂದರೆ ಗಿಣ್ಣಿನ (ಚೀಸ್) ಉಂಡೆ. ಮಾಂಸವಿಲ್ಲ ನಿಜ, ಆದರೆ ಮೊಟ್ಟೆ ಇದೆ. ಮನೆಯಲ್ಲಿ ಮಾಡುವುದಾದರೆ 500 ಗ್ರಾಂ ಹುಳಿ ಪೊಲ್ವಿಲ್ಯು (ಮರಗೆಣಸಿನ ಪಿಷ್ಟ), 250 ಮಿ.ಲೀ. ಹಾಲು, 125 ಮಿ.ಲೀ. ಎಣ್ಣೆ, 2 ಮೊಟ್ಟೆ, 250 ಗ್ರಾಂ ತುರಿದ ಮಿನಾಸ್ ‘ಮೇಯಾ ಕೂರಾ’ (ಅರೆ ಮಾಗಿದ) ಗಿಣ್ಣು, ಒಂದು ಚಮಚ ಉಪ್ಪು. ಹಾಲು, ಎಣ್ಣೆ, ಉಪ್ಪನ್ನು ಕುದಿಸಿ, ಕುದಿಯುತ್ತಿರುವಾಗಲೇ ಹಿಟ್ಟಿನ ಮೇಲೆ ಸುರಿದು ಕಲಸಿ. ಹಾಲು ಆರಿದ್ದರೆ ಪಿಷ್ಟ ಹದಕ್ಕೆ ಬರದೆ ಉಂಡೆಗಳು ಚಪ್ಪಟೆಯಾಗುತ್ತವೆ. ಮಿಶ್ರಣ ಉಗುರುಬೆಚ್ಚಗಾದ ಮೇಲಷ್ಟೇ ಮೊಟ್ಟೆ ಒಂದೊಂದಾಗಿ ಹಾಕಿ, ಇಲ್ಲದಿದ್ದರೆ ಅದು ಅಲ್ಲೇ ಬೆಂದು ಗಂಟಾಗುತ್ತದೆ. ಕೊನೆಗೆ ಗಿಣ್ಣು. ಒಣಗಿದಂತಿದ್ದರೆ ಹಾಲು ಚಮಚದಷ್ಟೇ ಸೇರಿಸಿ. 200 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್‌ನಲ್ಲಿ ಸುಮಾರು 25 ನಿಮಿಷ. ಮೊದಲ ಕಾಲು ಗಂಟೆ ಬಾಗಿಲು ತೆರೆಯಬೇಡಿ, ಉಬ್ಬಿದ್ದು ಕುಸಿಯುತ್ತದೆ.

ಸೇಲಂ ಸುತ್ತಮುತ್ತ ತಯಾರಾಗಿ ನಮ್ಮ ಉಪವಾಸದ ಉಪ್ಪಿಟ್ಟಿಗೆ ಬರುವ ಸಬ್ಬಕ್ಕಿಯೂ ಈ ಮರಗೆಣಸಿನ ಪಿಷ್ಟದ್ದೇ. ಮರಗೆಣಸು ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಸಬ್ಬಕ್ಕಿ ತಿಂದು ಬೆಳೆದವರಿಗೆ ಇಲ್ಲಿನ ಅಂಟಂಟು ಹದ ಬೇಗ ಒಗ್ಗುತ್ತದೆ. ಮೊಟ್ಟೆಯೂ ಬೇಡವೆನ್ನುವವರಿಗೆ ಟಪಿಯೋಕಾ ಸರಿಯಾದ ತಿಂಡಿ: ತೇವವಿರುವ ‘ಗೋಮಾ’ (ಅದೇ ಮರಗೆಣಸಿನ ಪಿಷ್ಟ) ಪೊಟ್ಟಣ ತಂದು, ಜರಡಿಯಲ್ಲಿ ನೇರ ಬಿಸಿ ಕಾವಲಿಗೆ ತೆಳ್ಳಗೆ ಉದುರಿಸಿ. ಎಣ್ಣೆ ಬೇಡ. ಹರಳುಗಳು ಅಂಟಿಕೊಂಡು ದೋಸೆಯಂತೆ ಎದ್ದ ಕೂಡಲೇ ತಿರುವಿ, ತೆಂಗಿನತುರಿ ಹಾಕಿ ಮಡಚಿ. ಹೆಚ್ಚು ಹೊತ್ತು ಬಿಟ್ಟರೆ ತೊಗಲಿನಂತಾಗುತ್ತದೆ.

ಮನೆ ಅಡುಗೆಗೆ ಸಾವೊ ಪೌಲೊದಲ್ಲಿ ಮುನ್ಸಿಪಲ್ ಮಾರುಕಟ್ಟೆಯ ಹತ್ತಿರದ ಝೋನಾ ಸೆರಿಯಲಿಸ್ಟಾಗೆ ಹೋಗಿ, ಕಾಳು, ಮಸಾಲೆ ಸಗಟು ದರದಲ್ಲಿ ಸಿಗುತ್ತವೆ. ‘ಗುವಾಂಡು’ ಎಂದರೆ ಇಡೀ ತೊಗರಿ. ಸಿಪ್ಪೆ ಇರುವುದರಿಂದ ರಾತ್ರಿ ನೆನೆಸಿ, ಕುಕ್ಕರ್‌ನಲ್ಲಿ ಬೇಳೆಗಿಂತ ಹೆಚ್ಚು ಹೊತ್ತು ಬೇಯಿಸಿ. ‘ಫ್ರಾಜಿನ್ಯು’ ಅಲಸಂದೆ. ಇಡ್ಲಿಗೆ ‘ಪಾರ್ಬೊಯಿಲಿಝಾಡೊ’ ಅಕ್ಕಿ ನಡೆಯುತ್ತದೆ. ಅರಿಶಿನಕ್ಕೆ ‘ಅಸಫ್ರಾಂವ್ ದ ತೆಹಾ’ ಎಂದು ಕೇಳಿ. ಸೂಪರ್‌ಮಾರ್ಕೆಟ್‌ನ ‘ಶೇರು-ವೆರ್ಜಿ’ ಕಟ್ಟಿನಲ್ಲಿ ಇಲ್ಲಿ ಪಾರ್ಸ್ಲಿ ಇರುತ್ತದೆ, ಕೊತ್ತಂಬರಿ ಬೇಕಾದರೆ ‘ಕೊಯೆಂಟ್ರೊ’ ಎನ್ನಬೇಕು. ಹೆಪ್ಪಿಗೆ ಸಕ್ಕರೆ ಹಾಕದ ‘ನತುರಾವ್’ ಮೊಸರು ಕೊಳ್ಳಿ. ಈಶಾನ್ಯದ ‘ಮಾಂಟೇಗಾ ಜಿ ಗಹಾಫಾ’ ತುಪ್ಪಕ್ಕೆ ಬಹಳ ಹತ್ತಿರ. ಆದರೆ ಅನೇಕ ಬಾಟಲಿಗಳಲ್ಲಿ ಉಪ್ಪಿರುತ್ತದೆ, ಪಾಯಸಕ್ಕೆ ಸುರಿಯುವ ಮುಂಚೆ ಚೀಟಿ ಓದಿ.