ಬಣ್ಣ ಕೆರೆಯುವ ಮೊದಲು ಬಾಗಿಲ ಒಳಗೆ ನೋಡಿದ್ದು

ಸಾಗರ, ಹೊಸನಗರ ಕಡೆ ಹಳೇ ಮನೆ ರಿಪೇರಿ ಅಂದರೆ ಮೊದಲು ಕೈ ಹಾಕುವುದು ಪ್ರಧಾನ ಬಾಗಿಲಿಗೆ. ಅಜ್ಜನ ಕಾಲದಿಂದ ಒಂದರ ಮೇಲೊಂದು ಬಳಿದ ಆಯಿಲ್ ಪೇಂಟ್ ಕಿತ್ತು, ಕೆತ್ತನೆ ಎದ್ದು ಕಾಣುವ ಹಾಗೆ ಪಾಲಿಶ್ ಹೊಡೆಸಬೇಕು ಅಂತ ಎಲ್ಲರಿಗೂ ಆಸೆ. ಬಡಗಿ ಸ್ಯಾಂಡಿಂಗ್ ಮಷಿನ್ ಹಿಡಿದು ಬರುತ್ತಾನೆ. ನನಗೆ ಚಿಂತೆ ಶುರುವಾಗುವುದು ಆಗಲೇ. ಹಳೇ ಪೇಂಟಿನಲ್ಲಿ ಸೀಸ ಇದ್ದರೆ ಆ ಮಷಿನ್ ಅದನ್ನು ಸಣ್ಣ ಧೂಳು ಮಾಡಿ ಮನೆಯೆಲ್ಲ ಹರಡುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಸೀಸದಿಂದ ಮಕ್ಕಳ ಮಿದುಳಿಗೆ ಆಗುವ ಹಾನಿ ಆಮೇಲೆ ಸರಿಹೋಗುವಂಥದ್ದಲ್ಲ.

ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಪೇಂಟ್ ಯಾವುದೇ ಇರಲಿ, ನಾನು ಅನುಮಾನ ಇಟ್ಟುಕೊಂಡೇ ನೋಡುತ್ತೇನೆ.

ಸಾಗರದ ಹತ್ತಿರ ದೀವರ ಸಮುದಾಯದವರ ಒಂದು ಮನೆಯಲ್ಲಿ, ಪೇಂಟ್ ಕೆರೆಯುವ ಮೊದಲೇ ಸೀಸ ಇದೆಯಾ ಅಂತ ಪರೀಕ್ಷಿಸುವ ಕೆಲಸ ಮಾಡಿದೆ. ಮನೆಯ ಹಿರಿಯಮ್ಮ ಕೇಳಿದರು: "ಹೆರೆಯದೇ ಒಳಗಿಂದು ಹ್ಯಾಂಗೆ ಗೊತ್ತಾಗ್ತದೆ ತಮ್ಮಾ?" ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ತೋರಿಸಿದೆ. ಅದು ಎಕ್ಸ್‌ರೇ ಬಿಡುತ್ತದೆ. ಎಕ್ಸ್‌ರೇ ತಾಗಿದ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇಯನ್ನು ವಾಪಸ್ ಕೊಡುತ್ತದೆ. ಕಬ್ಬಿಣದ್ದು 6.4 ಕೆಇವಿ (ಎಕ್ಸ್‌ರೇ ಶಕ್ತಿಯ ಅಳತೆ), ಟೈಟಾನಿಯಂದು 4.5. ಅದರ ಗ್ರಾಫಿನಲ್ಲಿ, ಅಂದರೆ ಸ್ಪೆಕ್ಟ್ರಮ್‌ನಲ್ಲಿ, ಯಾವ ಶಕ್ತಿಯ ಹತ್ತಿರ ಪೀಕ್ (ಶಿಖರ) ಎದ್ದಿದೆ ಅಂತ ನೋಡಿದರೆ ಯಾವ ಧಾತು ಇದೆ ಅಂತ ತಿಳಿಯುತ್ತದೆ.

ಶುರು ಮಾಡುವ ಮುಂಚೆ ಬಾಗಿಲ ಹಿಂದಿನ ಕೋಣೆ ಖಾಲಿ ಮಾಡಿಸಿದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಎಕ್ಸ್‌ರೇಗೆ ಮರದ ಹಲಗೆ ದೊಡ್ಡ ಅಡ್ಡಿಯೇನಲ್ಲ. ಬಾಗಿಲ ಆ ಕಡೆ ಮಕ್ಕಳು ಇಣುಕುತ್ತಾ ನಿಂತಿದ್ದರೆ ಅವರ ಮೈಗೂ ತಾಗುತ್ತದೆ.

ಮೊದಲ ರೀಡಿಂಗಿನಲ್ಲೇ 10.55ರಲ್ಲಿ ಪೀಕ್ ಬಂತು. ಗನ್ನಿನ ಪರದೆ 'ಸೀಸ' ಅಂತ ಹೇಳಿಬಿಟ್ಟಿತು. ಪರದೆಯ ಮಾತನ್ನು ನಾನು ಹಾಗೇ ಒಪ್ಪುವುದಿಲ್ಲ. ಆರ್ಸೆನಿಕ್ ಪೀಕ್ ಕೂಡ 10.54ರಲ್ಲೇ ಬರುತ್ತದೆ. ಆರ್ಸೆನಿಕ್ ಇರುವ ಹರಿತಾಳದ ಹಳದಿ ಬಳಿದಿದ್ದರೂ ಇಲ್ಲೇ ಪೀಕ್ ಏಳುತ್ತದೆ. ಹಾಗಾಗಿ ಸೀಸದ ಎರಡನೇ ಪೀಕ್, 12.6ರದ್ದು, ಇದೆಯಾ ಅಂತ ನೋಡಬೇಕು. ಇತ್ತು. ಸೀಸವೇ.

ಆದರೆ ಯಾವ ಪದರದಲ್ಲಿ? ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಸೀಸಕ್ಕೆ 2.3ರ ಆಸುಪಾಸಿನಲ್ಲಿ ಇನ್ನೊಂದು ಪೀಕ್ ಇದೆ. ಅದು ಎಷ್ಟು ದುರ್ಬಲ ಅಂದರೆ ಮೇಲೊಂದು ಪದರ ಪೇಂಟ್ ಇದ್ದರೆ ಅಲ್ಲೇ ಇಂಗಿಹೋಗುತ್ತದೆ. ಸೀಸ ಮೇಲ್ಮೈಯಲ್ಲಿದ್ದರೆ ಮಾತ್ರ ಕಾಣುತ್ತದೆ. ಮಲೆನಾಡಿನ ಥಂಡಿಗೆ ಬಾಗಿಲ ಮೇಲೆ ತೆಳ್ಳಗೆ ನೀರು ಕೂತಿದ್ದರೂ ಅದು ಮಾಯ, ಅದಕ್ಕೇ ಮೊದಲು ಒಣ ಬಟ್ಟೆಯಲ್ಲಿ ಒರೆಸಿಕೊಂಡೆ, ಗನ್ನಿನ ಮೂತಿಯನ್ನು ಹಲಗೆಗೆ ಒತ್ತಿ ಹಿಡಿದೆ. 2.3ರಲ್ಲಿ ಏನೂ ಇಲ್ಲ. ಜೊತೆಗೆ 12.6ರ ಪೀಕಿಗೆ ಹೋಲಿಸಿದರೆ 10.55ರದ್ದು ಇರಬೇಕಾದ್ದಕ್ಕಿಂತ ಗಿಡ್ಡ. ಕಡಿಮೆ ಶಕ್ತಿಯದ್ದು ದಾರಿಯಲ್ಲಿ ಜಾಸ್ತಿ ಸವೆದಿದೆ ಅಂತಲೇ ಅರ್ಥ. ಅಂದರೆ ಮೇಲೆ ಬೇರೊಂದು ಪದರ ಇದೆ, ಸೀಸ ಅದರ ಅಡಿಯಲ್ಲಿ ಹೂತಿದೆ.

ಸೀಸ ಇದೆ ಅಂತಾಯಿತು, ಅದು ಯಾವ ಬಣ್ಣ ಅಂತ ತಿಳಿಯಲು ಲೇಸರ್ ಬೇಕು. ಬೆಳಕು ವಸ್ತುವಿಗೆ ಬಡಿದು ಚದುರುವಾಗ ಅದರಲ್ಲಿ ಸ್ವಲ್ಪ ತನ್ನ ಬಣ್ಣ ಬದಲಿಸುತ್ತದೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದದ್ದು ಇದನ್ನೇ. ಮೊದಲ ಲೇಸರ್ ಬಂದದ್ದು 1960ರಲ್ಲಿ. ಲೇಸರ್ ಇಲ್ಲದೇ ಅವರು ಅದನ್ನು ಕಂಡರಲ್ಲ ಅಂತ ಲೇಸರ್ ಬಿಟ್ಟು ಚದುರಿದ ಬೆಳಕನ್ನು ಹಿಡಿಯುವ ಪ್ರೋಬ್ ಕೈಗೆ ತೆಗೆದುಕೊಂಡಾಗಲೆಲ್ಲ ನೆನಪಾಗುತ್ತದೆ. ಚೌಕಟ್ಟಿನ ಒಂದು ಮೂಲೆಯಲ್ಲಿ ಪೇಂಟ್ ಚಕ್ಕೆ ಎದ್ದು ಅಡಿಯ ಕೆಂಪು ಕಾಣುತ್ತಿತ್ತು. ಅಲ್ಲಿಗೆ 785 ನ್ಯಾನೋಮೀಟರ್ ಲೇಸರ್ ಹಿಡಿದೆ. ಈ ಬೆಳಕು ಕಣ್ಣಿಗೆ ಕಂಡೂ ಕಾಣದ ಹಾಗಿರುತ್ತದೆ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಹತ್ತಿರ ಇರುವ ಎಲ್ಲರಿಗೂ ಕನ್ನಡಕ ಕಡ್ಡಾಯ.

ಜಗಲಿಯ ಬೆಳಕು ಪ್ರೋಬ್‌ಗೆ ನುಗ್ಗುತ್ತಿತ್ತು. ಹಿರಿಯಮ್ಮ ಒಳಗಿಂದ ಕರೀ ಕಂಬಳಿ ತಂದುಕೊಟ್ಟರು, ಅದನ್ನೇ ಇಳಿಬಿಟ್ಟೆ. ಲೇಸರ್ ಪವರ್ ತೀರಾ ಕಡಿಮೆ ಇಟ್ಟೆ, ಯಾಕಂದರೆ ಸೀಸದ ಕೆಂಪಿಗೆ ಬಿಸಿ ತಾಗಿದರೆ ಅದು ಬೇರೆಯೇ ಹಳದಿ ವಸ್ತುವಾಗುತ್ತದೆ. ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಅಂತ ಹೇಳುವ ರಾಮನ್ ಅಳತೆಯಲ್ಲಿ ಪೀಕ್ 548ರಲ್ಲಿ ಬಂತು. ಅದು ಸೀಸದ ಕೆಂಪು. ಕಾವಿಯ ಕೆಂಪಾಗಿದ್ದರೆ 225 ಮತ್ತು 292ರ ಹತ್ತಿರ ಏಳಬೇಕಿತ್ತು.

ಬಡಗಿಗೆ ಸ್ಪೆಕ್ಟ್ರಮ್ ತೋರಿಸಿ ಹೇಳಿದೆ: ಮಷಿನ್ ಬೇಡ, ಹೀಟ್ ಗನ್ನಂತೂ ಬೇಡವೇ ಬೇಡ. ಎದ್ದ ಚಕ್ಕೆಗಳನ್ನು ಮಾತ್ರ ನೀರು ಚಿಮುಕಿಸಿ ಕೈಯಲ್ಲಿ ತೆಗೆದು, ಕೆಳಗೆ ಹಾಸಿದ ಪ್ಲಾಸ್ಟಿಕ್ ಸಮೇತ ಕಟ್ಟಿಡುವುದು. ಗಟ್ಟಿ ಇರುವ ಪದರದ ಮೇಲೆ ಹೊಸ ಪೇಂಟ್. ಕೆತ್ತನೆ ಅವರು ಬಯಸಿದಷ್ಟು ಚೂಪಾಗಿ ಕಾಣುವುದಿಲ್ಲ. ಆದರೂ ಮನೆಯವರು ಒಪ್ಪಿದರು, ಮನೆಯಲ್ಲಿ ಪುಟ್ಟ ಮೊಮ್ಮಗಳಿದ್ದಳು.

ಹಿರಿಯಮ್ಮನಿಗೆ ಇನ್ನೊಂದು ಆಸೆ ಇತ್ತು. ಒಳಗೋಡೆಯಲ್ಲಿ ಅವರ ಅತ್ತೆ ಬರೆದ ಹಸೆ ಚಿತ್ತಾರ ಸುಣ್ಣದಡಿ ಉಳಿದಿದೆಯಾ? ಇಲ್ಲಿ ಎಕ್ಸ್‌ಆರ್‌ಎಫ್ ಉಪಯೋಗಕ್ಕೆ ಬರುವುದಿಲ್ಲ. ಕೆಮ್ಮಣ್ಣಿನಲ್ಲಿ ಕಬ್ಬಿಣ ಇದೆ ನಿಜ, ಗೋಡೆಯ ಮಣ್ಣಿನಲ್ಲೂ ಅದೇ ಕಬ್ಬಿಣ. ಬಿಳಿ ಅಂದರೆ ಅಕ್ಕಿ ಹಿಟ್ಟು, ಅದರಲ್ಲಿ ಗನ್ನಿಗೆ ಸಿಗುವ ಧಾತುವೇ ಇಲ್ಲ. ಹುರಿದು ಕಪ್ಪಾಗಿಸಿದ ಅಕ್ಕಿಯ ಬಣ್ಣ ಮಾತ್ರ ಇದ್ದಿಲಿನಂತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ. ಹಾಗಾಗಿ ಒಳಗಿನ ಇನ್‌ಫ್ರಾರೆಡ್ ತಡೆ ತೆಗೆಸಿದ ಕ್ಯಾಮೆರಾ ಇಟ್ಟು, ಹಳೇ ಹ್ಯಾಲೋಜನ್ ಬಲ್ಬ್ ಹಚ್ಚಿ ಫೋಟೋ ತೆಗೆದೆ. ಎಲ್‌ಇಡಿ ಬಲ್ಬಿನಲ್ಲಿ ಆ ಬೆಳಕು ಇರುವುದಿಲ್ಲ. ಸುಣ್ಣ ತೆಳುವಾಗಿದ್ದ ಕಡೆ ಕಪ್ಪು ಗೆರೆಗಳ ಒಂದು ಅಂಚು ಮಸುಕಾಗಿ ಬಂತು. ದಪ್ಪಗಿದ್ದ ಕಡೆ ಏನೂ ಇಲ್ಲ. ಬಿಳಿ ಗೆರೆ ಎಲ್ಲೂ ಸಿಗಲಿಲ್ಲ. ಗೆರೆ ಕಂಡ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟು ಗೋಡೆ ಕೆರೆಯಬೇಡಿ ಅಂತ ಗಾರೆಯವರಿಗೆ ಹೇಳಿ ಬಂದೆ.